ದಿಲ್ಲಿಯನ್ನು ಮರೆಯದ ಬೆಟ್ಟದ ಊರು

ಮೈಸೂರಿನಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿ, ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಬಂಡೆಗುಡ್ಡಗಳ ಮೇಲೆ ಮೇಲುಕೋಟೆ ಕುಳಿತಿದೆ. ಯಾದವಗಿರಿ, ಯದುಗಿರಿ, ತಿರುನಾರಾಯಣಪುರ ಎಂದು ಅದಕ್ಕೆ ಹಲವು ಹೆಸರುಗಳು. ಕನ್ನಡ ಕಾವ್ಯದ ಓದುಗರಿಗೆ ಅದು 1905ರಲ್ಲಿ ಪುತಿನ ಹುಟ್ಟಿದ ಊರು. ಹೊಟ್ಟೆಯ ಕಡೆಯಿಂದ ಯೋಚಿಸುವವರಿಗೆ ಪುಳಿಯೋಗರೆಯ ಊರು. ಕಲ್ಯಾಣಿಯ ಸುತ್ತಲಿನ ಮಂಟಪಗಳು, ಅಕ್ಕತಂಗಿ ಕೊಳ, ಮುಗಿಯದೆ ನಿಂತ ರಾಯಗೋಪುರದ ಎತ್ತರದ ಕಂಬಗಳು, ಯೋಗಾನರಸಿಂಹನ ಬೆಟ್ಟಕ್ಕೆ ಏರುವ ಮೆಟ್ಟಿಲುಗಳು, ಇಷ್ಟನ್ನೂ ನೋಡಿ ಇಳಿದು ಬಂದವರು ಊರನ್ನು ನೋಡಿಯಾಯಿತೆಂದು ಭಾವಿಸುವುದು ಸಹಜ. ಆದರೆ ದಿಲ್ಲಿಯ ಮಗ್ಗುಲಲ್ಲಿ, ಗುರುಗ್ರಾಮದಲ್ಲಿ ನೆಲೆಸಿರುವ ನಮ್ಮಂಥವರಿಗೆ ಅಲ್ಲಿ ನೋಡಬೇಕಾದ್ದು ಇನ್ನೊಂದಿದೆ. ಚೆಲುವನಾರಾಯಣನ ಉತ್ಸವಮೂರ್ತಿಯ ಪಾದದ ಬಳಿ ಒಬ್ಬ ದಿಲ್ಲಿಯ ಹೆಣ್ಣುಮಗಳಿದ್ದಾಳೆ. ಅವಳ ಹೆಸರು ಬೀಬಿ ನಾಚ್ಚಿಯಾರ್.

ಕಥೆ ಬಹಳ ಮಂದಿಗೆ ಗೊತ್ತಿರುವುದೇ. ರಾಮಾನುಜಾಚಾರ್ಯರು ಮೇಲುಕೋಟೆಗೆ ಬಂದಾಗ ಮೂಲಮೂರ್ತಿ ಸಿಕ್ಕಿತು, ಉತ್ಸವಮೂರ್ತಿ ಸಿಗಲಿಲ್ಲ. ಅದನ್ನು ದಿಲ್ಲಿಯ ಬಾದಶಹ ಕೊಳ್ಳೆಹೊಡೆದು ಒಯ್ದಿದ್ದ. ಆಚಾರ್ಯರು ದಿಲ್ಲಿಗೆ ಹೋದರು. ಬಾದಶಹನ ಮಗಳು ಆ ಮೂರ್ತಿಯನ್ನು ಗೊಂಬೆಯಂತೆ ಆಡಿಸಿಕೊಂಡಿದ್ದಳು. ಅವರು ಮಗುವನ್ನು ಕರೆಯುವಂತೆ ಕರೆದಾಗ ಮೂರ್ತಿ ತಾನಾಗಿ ಬಂದು ಅವರ ತೊಡೆಯೇರಿತು. ಅಂದಿನಿಂದ ಅದು ಚೆಲುವಪಿಳ್ಳೆ. ಅಗಲಿಕೆಯನ್ನು ತಾಳಲಾರದ ರಾಜಕುಮಾರಿ ಹಿಂದೆಯೇ ಬಂದು ಸ್ವಾಮಿಯಲ್ಲಿ ಐಕ್ಯಳಾದಳು. ದಾರಿಯಲ್ಲಿ ಅಪಾಯ ಬಂದಾಗ ಆಚಾರ್ಯರಿಗೆ ನೆರವಾದವರು ಊರು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜನ. ಆಚಾರ್ಯರು ಅವರನ್ನು ತಿರುಕುಲದವರೆಂದು ಕರೆದು ದೇವಾಲಯದೊಳಕ್ಕೆ ಬರುವ ಹಕ್ಕನ್ನು ಕೊಟ್ಟರು.

ಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಸಂಪ್ರದಾಯದ ಲೆಕ್ಕದಂತೆ ರಾಮಾನುಜರ ಕಾಲ 1017ರಿಂದ 1137. ಹೊಯ್ಸಳ ವಿಷ್ಣುವರ್ಧನನು ಆಳುತ್ತಿದ್ದ ಆ ದಿನಗಳಲ್ಲಿ ದಿಲ್ಲಿ ತೋಮರರ ಕೈಯಲ್ಲಿತ್ತು. ತರಾಯಿನ್ ಯುದ್ಧದಲ್ಲಿ ಘೋರಿಯು ಪೃಥ್ವೀರಾಜನನ್ನು ಸೋಲಿಸಿದ್ದು 1192ರಲ್ಲಿ. ದಿಲ್ಲಿಯ ಸುಲ್ತಾನರ ಆಳ್ವಿಕೆ ಮೊದಲಾದದ್ದು 1206ರಲ್ಲಿ. ರಾಮಾನುಜರು ಕಾಣಲು ದಿಲ್ಲಿಯಲ್ಲಿ ಆಗ ತುರುಕ ಬಾದಶಹನೇ ಇರಲಿಲ್ಲ. ಹಾಗೆಂದು ಕಥೆಯನ್ನು ಸುಳ್ಳೆಂದು ಎತ್ತಿಟ್ಟರೆ ಒಂದು ಬೆಲೆಬಾಳುವ ಸಾಕ್ಷ್ಯವನ್ನೇ ಕಳೆದುಕೊಂಡಂತೆ. ಊರೊಂದು ತನ್ನ ದೊಡ್ಡ ನೋವನ್ನು ತನ್ನ ದೊಡ್ಡ ಗುರುವಿನ ಹೆಸರಿನೊಂದಿಗೆ ಸೇರಿಸಿ ಹೆಣೆದುಕೊಂಡಿರಬಹುದಲ್ಲವೆ?

ಆ ನೋವು ಯಾವುದೆಂದು ಹುಡುಕಿದರೆ ಇನ್ನೂರು ವರ್ಷ ಈಚೆಗೆ ಬರಬೇಕಾಗುತ್ತದೆ. 1310ರ ಕೊನೆಯಲ್ಲಿ ಅಲಾವುದ್ದೀನ್ ಖಲ್ಜಿಯ ಸೇನಾನಿ ಮಲಿಕ್ ಕಾಫೂರ್ ದಿಲ್ಲಿಯಿಂದ ಹೊರಟು, 1311ರ ಫೆಬ್ರವರಿಯಲ್ಲಿ ದ್ವಾರಸಮುದ್ರವನ್ನು, ಇಂದಿನ ಹಳೇಬೀಡನ್ನು, ಮುತ್ತಿದ. ಮುಮ್ಮಡಿ ಬಲ್ಲಾಳ ಶರಣಾಗಿ ಕಪ್ಪ ಒಪ್ಪಿಸಿದ. ಅಮೀರ್ ಖುಸ್ರೊ ಈ ದಂಡಯಾತ್ರೆಯನ್ನು ವರ್ಣಿಸಿದ್ದಾನೆ. ಮುಂದೆ ಬರನಿಯು, ಕಾಫೂರನು ದಕ್ಷಿಣದಿಂದ 612 ಆನೆಗಳನ್ನೂ 20,000 ಕುದುರೆಗಳನ್ನೂ ತಂದನೆಂದು ಬರೆದ. ಅಂಕೆಗಳಲ್ಲಿ ಆಸ್ಥಾನದ ಬಡಾಯಿ ಎಷ್ಟೇ ಇರಲಿ, ಕನ್ನಡ ನಾಡಿನ ಸಂಪತ್ತು ದಿಲ್ಲಿಯ ದಾರಿ ಹಿಡಿದದ್ದಂತೂ ನಿಜ. ಸಂಪತ್ತಿನ ಜೊತೆಗೆ ಮನುಷ್ಯರೂ ಹೋದರು. ಬಲ್ಲಾಳನ ಮಗನೇ ದಿಲ್ಲಿಗೆ ಹೋಗಬೇಕಾಯಿತು. ಅವನು ಮರಳಿ ಬಂದುದನ್ನು ಶಿವಮೊಗ್ಗ ಸೀಮೆಯ 1313ರ ಶಾಸನವೊಂದು ಹೇಳುತ್ತದೆ. ಎರಡನೆಯ ಪೆಟ್ಟು ಬಿದ್ದದ್ದು 1327ರ ಸುಮಾರಿಗೆ, ಮುಹಮ್ಮದ್ ಬಿನ್ ತುಘಲಕನ ಸೇನೆಯಿಂದ. ಆ ಬಳಿಕ ಬಲ್ಲಾಳನು ಮೇಲುಕೋಟೆಯ ಬುಡದಲ್ಲೇ ಇರುವ ತೊಣ್ಣೂರಿಗೆ ಸರಿದನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಮೇಲುಕೋಟೆಯ ದೇಗುಲ ಮತ್ತೆ ತಲೆಯೆತ್ತಲು ನೂರು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು. 15ನೆಯ ಶತಮಾನದ ನಡುವೆ, ವಿಜಯನಗರದ ಮಲ್ಲಿಕಾರ್ಜುನರಾಯನ ಕಾಲದಲ್ಲಿ, ನಾಗಮಂಗಲದ ತಿಮ್ಮಣ್ಣ ದಣ್ಣಾಯಕ ಅದನ್ನು ಎತ್ತಿ ಕಟ್ಟಿಸಿದ.

ಈ ಘಟನೆಯ ಇನ್ನೊಂದು ತುದಿ ನಮ್ಮ ನಿತ್ಯದ ದಾರಿಯಲ್ಲೇ ಇದೆ. ಗುರುಗ್ರಾಮದಿಂದ ದಿಲ್ಲಿಗೆ ಹೋಗುವ ಹಳದಿ ಮಾರ್ಗದ ಮೆಟ್ರೊ ಕುತುಬ್ ಮಿನಾರ್ ನಿಲ್ದಾಣವನ್ನು ಹಾದುಹೋಗುತ್ತದೆ. ಅಲ್ಲಿ ಇಳಿದು ಮಿನಾರಿನ ಆವರಣಕ್ಕೆ ಹೋದರೆ ಕೆಂಪುಕಲ್ಲು, ಬಿಳಿಯ ಅಮೃತಶಿಲೆಗಳ ಅಲಾಯಿ ದರ್ವಾಜಾ ಕಾಣುತ್ತದೆ. ಅಲಾವುದ್ದೀನನು ಅದನ್ನು ಕಟ್ಟಿ ಮುಗಿಸಿದ್ದು 1311ರಲ್ಲಿ. ದ್ವಾರಸಮುದ್ರದ ಹೊನ್ನಿನಿಂದ ಅದನ್ನು ಕಟ್ಟಿದನೆಂದು ಹೇಳಲು ಆಧಾರವಿಲ್ಲ; ಕಾಫೂರನು ಮರಳಿದ್ದೇ ಆ ವರ್ಷದ ಅಕ್ಟೋಬರಿನಲ್ಲಿ. ಆದರೆ ಒಂದೇ ವರ್ಷ ಒಬ್ಬನೇ ಅರಸನ ಆಜ್ಞೆಯಿಂದ ಇಲ್ಲಿ ಒಂದು ಚೆಲುವಾದ ಬಾಗಿಲು ಎದ್ದಿತು, ಅಲ್ಲಿ ಒಂದು ರಾಜಧಾನಿ ನಡುಗಿತು ಎಂಬುದು ದಾಖಲೆಯ ಮಾತು.

ಇಂಥ ನೋವನ್ನು ಬೆಟ್ಟದ ಊರುಗಳು ಹೇಗೆ ಅರಗಿಸಿಕೊಳ್ಳುತ್ತವೆ? ಸ್ಪೇನಿನ ಪೂರ್ವಭಾಗದ ಗುಡ್ಡಗಾಡಿನಲ್ಲಿ ಅಲ್ಕೋಯ್ ಎಂಬ ಹಳೆಯ ಊರಿದೆ. 1276ರಲ್ಲಿ ಅಲ್-ಅಜ್ರಕ್ ಎಂಬ ಮುಸ್ಲಿಂ ನಾಯಕ ಅದನ್ನು ಮುತ್ತಿ, ಅಲ್ಲೇ ಮಡಿದ. ಇಂದಿಗೂ ಪ್ರತಿ ಏಪ್ರಿಲಿನಲ್ಲಿ, ಸಂತ ಜಾರ್ಜನ ಹಬ್ಬದ ವೇಳೆಗೆ, ಊರಿನವರು ಮೂರರು ಮತ್ತು ಕ್ರೈಸ್ತರು ಎಂಬ ಎರಡು ಪಂಗಡಗಳಾಗಿ ವೇಷ ಕಟ್ಟುತ್ತಾರೆ. ಹುಸಿಕೋಟೆಯನ್ನು ಬೆಳಿಗ್ಗೆ ಮೂರರು ಗೆದ್ದರೆ ಸಂಜೆ ಕ್ರೈಸ್ತರು ಮರಳಿ ಗೆಲ್ಲುತ್ತಾರೆ. ಯುದ್ಧ ಅಲ್ಲಿ ಆಟವಾಗಿದೆ. ಸೋತವನ ವೇಷವನ್ನೂ ಊರಿನವನೇ ಸಂಭ್ರಮದಿಂದ ತೊಡುತ್ತಾನೆ. ಆದರೂ ಆ ಆಟದ ಕೊನೆ ಯಾವಾಗಲೂ ಒಂದೇ, ಗೆಲುವು ಯಾವಾಗಲೂ ಒಂದೇ ಕಡೆಗೆ. ಮೇಲುಕೋಟೆ ಹಿಡಿದ ದಾರಿ ಬೇರೆ. ಅದು ಕೊಳ್ಳೆಹೊಡೆದವನ ಮಗಳನ್ನು ಮನೆತುಂಬಿಸಿಕೊಂಡಿತು. ಯುದ್ಧವನ್ನು ಆಡಿ ತೋರಿಸಲಿಲ್ಲ, ನಂಟುತನ ಬೆಳೆಸಿತು. ವೈರಮುಡಿ ಉತ್ಸವದ ಸ್ವಾಮಿಗೆ ಕೈಮುಗಿದವರು ಅವಳಿಗೂ ಕೈಮುಗಿದಂತಾಗುತ್ತದೆ.

ಮೇಲುಕೋಟೆಯ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಸೌಹಾರ್ದದ ಮಾದರಿಯೆಂದು ಹೊಗಳುವುದು ಸುಲಭ. ಆದರೆ ಅದು ಅರ್ಧ ಲೆಕ್ಕ. ಅದೇ ಊರಿನ ಮಂಡಯಂ ಅಯ್ಯಂಗಾರ್ ಮನೆತನಗಳಲ್ಲಿ ನರಕ ಚತುರ್ದಶಿಯಂದು ಹಬ್ಬವಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ, ಮೈಸೂರಿನ ರಾಣಿಯ ಪರವಾಗಿ ಇಂಗ್ಲಿಷರೊಡನೆ ಸಂಧಾನ ನಡೆಸಿದ ತಿರುಮಲರಾಯನ ಕುಲದವರೆಂಬ ಕಾರಣಕ್ಕೆ, ತಮ್ಮ ಹಿರಿಯರನ್ನು ಆ ದಿನ ಕೊಲ್ಲಿಸಲಾಯಿತೆಂಬ ನೆನಪು ಆ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಕ್ಕಳಿಗೆ ಇಳಿದು ಬಂದಿದೆ. ಅದೇ ದೇವಾಲಯದಲ್ಲಿ ಟಿಪ್ಪುವಿನ ಕಾಣಿಕೆಯೆಂದು ಅಕ್ಷರ ಕೆತ್ತಿದ ಪಾತ್ರೆಗಳಿರುವುದನ್ನು ಪುರಾತತ್ವ ಇಲಾಖೆಯ ಹಳೆಯ ವರದಿಗಳು ದಾಖಲಿಸಿವೆ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲಾಗದು. ಪಾತ್ರೆ ದೇವಾಲಯದ್ದು, ಹಚ್ಚದ ಹಣತೆ ಮನೆಗಳದ್ದು.

ಇನ್ನು ಮೂರನೆಯದೊಂದು ಗಾಯವಿದೆ. 1771ರಲ್ಲಿ ಪೇಶ್ವೆ ಮಾಧವರಾಯನ ಕಾಲದ ಮರಾಠಾ ಸೇನೆ ಚಿನಕುರಳಿಯ ಬಳಿ ಹೈದರ್ ಅಲಿಯನ್ನು ಸೋಲಿಸಿತು. ಗೆದ್ದ ದಂಡು ಮೇಲುಕೋಟೆಯ ಮೇಲೂ ಹರಿಯಿತು. ಊರಿನ ಬ್ರಾಹ್ಮಣರು ಆಗಲೇ ಊರು ಬಿಟ್ಟಿದ್ದರು. ದೇವರ ಭಾರಿ ಮರದ ತೇರುಗಳಿಗೆ, ಅವುಗಳಲ್ಲಿದ್ದ ಕಬ್ಬಿಣದ ಆಸೆಗಾಗಿ, ಬೆಂಕಿಯಿಡಲಾಯಿತು. ಆ ಬೆಂಕಿ ದೇವಾಲಯದ ಕಟ್ಟಡಗಳಿಗೂ ಹಬ್ಬಿ, ಕೆಲವು ಪೂರ್ತಿ ಸುಟ್ಟುಹೋದವೆಂದು ಗೆಜೆಟಿಯರ್ ಬರೆಯುತ್ತದೆ. ತೇರು ಸುಟ್ಟವರೂ ವಿಷ್ಣುವಿಗೆ ಕೈಮುಗಿಯುವವರೇ. ಈ ಬೆಂಕಿ ದೇವತೆಯಾಗಲಿಲ್ಲ, ಬಿಟ್ಟ ಹಬ್ಬವೂ ಆಗಲಿಲ್ಲ. ಅದು ಉಳಿದಿರುವುದು ಗೆಜೆಟಿಯರಿನ ಕೆಲವು ಸಾಲುಗಳಲ್ಲಿ.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಊರಿನ ನೆನಪು ಗಾಯದ ಆಳವನ್ನು ಅಳೆದು ಬೆಳೆಯುವುದಿಲ್ಲ. ಯಾವ ನೋವಿಗೆ ಹೇಳುವವರು ಸಿಕ್ಕರೋ, ಯಾವುದಕ್ಕೆ ವರ್ಷಕ್ಕೊಮ್ಮೆ ಮರಳುವ ತಿಥಿ ಸಿಕ್ಕಿತೋ, ಅದು ಬಾಳುತ್ತದೆ. ದೂರದ ದಿಲ್ಲಿಯ ದಾಳಿ ಭಕ್ತಿಯ ಕಥೆಯಾಗಲು ಶತಮಾನಗಳ ಕಾಲಾವಕಾಶವಿತ್ತು. ಮನೆಯ ಹಿರಿಯರ ಸಾವಿಗೆ ಎದೆಯಲ್ಲಿ ಜಾಗವಿತ್ತು. ತಮ್ಮವರಂಥವರೇ ಇಟ್ಟ ಬೆಂಕಿಗೆ ಎಲ್ಲಿಯೂ ಜಾಗ ದೊರೆಯಲಿಲ್ಲ. ತಿರುಕುಲದವರ ಹಕ್ಕಿನ ಕಥೆಯನ್ನೂ ಹೀಗೆಯೇ ಓದಬೇಕು. ಅವರಿಗೆ ಗುಡಿಯ ಪ್ರವೇಶವಿದ್ದುದು ವರ್ಷದಲ್ಲಿ ಮೂರು ದಿನ ಮಾತ್ರ ಎಂದು ಗೆಜೆಟಿಯರ್ ಹೇಳುತ್ತದೆ. ಆ ಮೂರು ದಿನಗಳು ಅಂದಿನ ಕಾಲಕ್ಕೆ ದೊಡ್ಡವು. ಆದರೆ ಉಳಿದ ದಿನಗಳಲ್ಲಿ ಹೊರಗೆ ನಿಂತವರ ಮಾತು ಆ ಕಥೆಯಲ್ಲಿ ಸೇರಿಲ್ಲ.

ಊರಿನಿಂದ ದೂರವಿರುವ ನಮಗೆ ಈ ವಿವೇಕ ಹೆಚ್ಚು ಬೇಕು. ಫೋನಿನಲ್ಲಿ ಬಂದುಬೀಳುವ ಚರಿತ್ರೆ ಸಾಮಾನ್ಯವಾಗಿ ಒಂದೇ ಗಾಯವನ್ನು ತೋರಿಸುತ್ತದೆ. ಯಾರು ಕಳಿಸಿದರೆಂಬುದರ ಮೇಲೆ ಅದು ಯಾವ ಗಾಯವೆಂಬುದು ನಿಂತಿದೆ. ಬೀಬಿ ನಾಚ್ಚಿಯಾರಳನ್ನು ಹೊಗಳುವವರು ಹಚ್ಚದ ಹಣತೆಯ ಮಾತೆತ್ತುವುದಿಲ್ಲ. ಹಣತೆಯ ಮಾತಾಡುವವರು ಸುಟ್ಟ ತೇರನ್ನು ಕಂಡವರಲ್ಲ. ಮೇಲುಕೋಟೆಯಾದರೋ ಈ ಎಲ್ಲವನ್ನೂ ಒಂದೇ ಬೆಟ್ಟದ ಮೇಲೆ ಹೊತ್ತುಕೊಂಡಿದೆ.

ಮುಂದಿನ ರಜೆಯಲ್ಲಿ ನಾಡಿಗೆ ಹೋದಾಗ ಒಂದು ಇಡೀ ದಿನವನ್ನು ಮೇಲುಕೋಟೆಗೆ ಮೀಸಲಿಡುವುದು ಒಳ್ಳೆಯದು. ಹೋಗುವ ದಾರಿಯಲ್ಲಿ ತೊಣ್ಣೂರಿನ ಕೆರೆ, ಚಿನಕುರಳಿಯ ಬಯಲುಗಳನ್ನೂ ನೋಡಬಹುದು. ಅದಕ್ಕೆ ಮುಂಚೆ, ಬಿಡುವಿನ ಭಾನುವಾರವೊಂದು ಸಿಕ್ಕರೆ, ಮಕ್ಕಳನ್ನು ಅಲಾಯಿ ದರ್ವಾಜಾದ ಮುಂದೆ ನಿಲ್ಲಿಸಿ, ಇದು ಮುಗಿದ ವರ್ಷವೇ ನಮ್ಮ ಹಳೇಬೀಡಿಗೆ ದಂಡು ಬಂದಿತ್ತು, ಎರಡು ವರ್ಷಗಳ ಬಳಿಕ ನಮ್ಮ ರಾಜಕುಮಾರನೊಬ್ಬ ಇದೇ ದಿಲ್ಲಿಯಿಂದ ಮನೆಗೆ ಮರಳಿದ ಎಂದು ಹೇಳಬಹುದು. ಬೀಬಿಯ ಕಥೆಯನ್ನು ಅವರಿಗೆ ಆಮೇಲೆ ಹೇಳೋಣ.