ಉಲ್ಟಾ ಕೊರೆದ ಅಕ್ಷರಗಳ ಕತೆ

ಒಂದು ರಬ್ಬರ್ ತಗೊಳ್ಳಿ. ಪೆನ್ಸಿಲ್ ಗೀಟು ಒರೆಸೋ ಅದೇ ರಬ್ಬರ್, ಸ್ವಲ್ಪ ದೊಡ್ಡ ಸೈಜಿನದು. ಅದರ ಮೇಲೆ ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಕೊರೆದು, ಇಂಕ್ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಅಚ್ಚು ಹಾಕಿ ನೋಡಿ. ನಮ್ಮೂರು ಹೆಬ್ರಿ. ಎರಡೇ ಅಕ್ಷರ, ಎಷ್ಟು ಹೊತ್ತಿನ ಕೆಲಸ ಅಂತ ಕೂತರೆ ಅರ್ಧ ಭಾನುವಾರ ಅದಕ್ಕೇ ಹೋಗುತ್ತೆ. ಯಾಕಂದ್ರೆ ಎಲ್ಲವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೊರೀಬೇಕು. ‘ಬ್ರಿ’ ಮೊದಲು ಬರುತ್ತೆ, ‘ಹೆ’ ಆಮೇಲೆ. ರ-ಒತ್ತು ಎಡಕ್ಕೆ ಬಾಲ ಚಾಚುತ್ತೆ. ಗುಡಿಸಿನ ಹೊಟ್ಟೆಯೊಳಗಿನ ಸಣ್ಣ ಖಾಲಿ ಜಾಗವನ್ನು ಬ್ಲೇಡಿನ ತುದಿಯಿಂದ ಚಿವುಟಿ ತೆಗೀಬೇಕು, ಕೈ ಒಂದು ಕೂದಲೆಳೆ ಜಾರಿದರೂ ಅಕ್ಷರದ ಗೋಡೆಯೇ ಹಾರಿಹೋಗುತ್ತೆ.

ಇದಕ್ಕೆ ಒಂದು ಸುಲಭ ಉಪಾಯವಿದೆ. ಬಟರ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ ಸೀದಾ ಬರೀರಿ, ಅದನ್ನು ರಬ್ಬರಿನ ಮೇಲೆ ಕವುಚಿ ಹಾಕಿ ಚಮಚದ ಬೆನ್ನಿಂದ ಉಜ್ಜಿ. ಅಕ್ಷರ ತಾನಾಗಿ ತಿರುಗಿ ಕೂರುತ್ತೆ. ಆಮೇಲೆ ಬೇಕಿಲ್ಲದ್ದನ್ನೆಲ್ಲ ತೆಗೀತಾ ಹೋಗೋದು. ಬ್ಲೇಡನ್ನು ಅಕ್ಷರದಿಂದ ಹೊರಗೆ ವಾಲಿಸಿ ಹಿಡಿದರೆ ಅಕ್ಷರದ ಬುಡ ಅಗಲವಾಗಿ ಉಳಿಯುತ್ತೆ. ಒಳಗೆ ವಾಲಿಸಿದರೆ ಬುಡ ಟೊಳ್ಳಾಗಿ ನಾಲ್ಕನೇ ಸಲ ಒತ್ತುವಾಗ ಕಿತ್ತು ಬರುತ್ತೆ. ಶಾಲೆಯಲ್ಲಿ ಬೆಂಡೆಕಾಯಿ ಕತ್ತರಿಸಿ ಬಣ್ಣದಲ್ಲಿ ಅದ್ದಿ ಹೂವು ಒತ್ತಿದವರಿಗೆ ಅಚ್ಚಿನ ಮೊದಲ ಪಾಠ ಆಗಿಯೇ ಇದೆ ಬಿಡಿ. ದಿನವಿಡೀ ಸ್ಕ್ರೀನ್ ನೋಡುವವರು ವೀಕೆಂಡಿನಲ್ಲಿ ಇಂಥ ಹವ್ಯಾಸ ಹಿಡಿದಿರೋದರಲ್ಲಿ ಆಶ್ಚರ್ಯವೇನಿಲ್ಲ. ನನಗೆ ಕುತೂಹಲ ಇರೋದು, ಈ ಕೆಲಸಕ್ಕೆ ನಮ್ಮ ಕಡೆ ಎಷ್ಟು ಹಳೇ ಬೇರು ಇದೆ ಅನ್ನೋದರ ಬಗ್ಗೆ.

ಮೊದಲು ರಬ್ಬರಿನ ವಿಷಯ ಮುಗಿಸೋಣ. ಹೆಬ್ರಿ, ಕಾರ್ಕಳದ ಸುತ್ತ ರಬ್ಬರ್ ತೋಟಗಳಿಗೇನು ಬರವಿಲ್ಲ. ಬೆಳಗಾತ ಮರ ಗೀರಿ ಹಾಲು ಇಳಿಸ್ತಾರೆ, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿ ಶೀಟು ಮಾಡಿ, ಹೊಗೆಮನೆಯಲ್ಲಿ ಒಣಗಿಸ್ತಾರೆ. ಹಾಗಾದ್ರೆ ಅದೇ ಶೀಟಿನಲ್ಲಿ ಮುದ್ರೆ ಕೊರೀಬಹುದಲ್ವಾ ಅಂತ ಯಾರಿಗಾದರೂ ಅನ್ನಿಸುತ್ತೆ. ಆಗಲ್ಲ ಮಾರಾಯ್ರೆ. ಹಸಿ ರಬ್ಬರ್ ಸೆಖೆಗೆ ಅಂಟಂಟಾಗುತ್ತೆ, ಚಳಿಗೆ ಬಿರುಸಾಗುತ್ತೆ, ಬ್ಲೇಡಿಗೆ ಎಳೆದುಕೊಂಡು ಬರುತ್ತೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ಕಾಯಿಸುವ ಉಪಾಯ ಕಂಡುಕೊಂಡ ಮೇಲೆಯೇ ರಬ್ಬರಿಗೆ ಒಂದು ನಿಲುವು ಬಂದದ್ದು. 1860ರ ದಶಕದಲ್ಲಿ ಅಲ್ಲಿ ರಬ್ಬರ್ ಸ್ಟ್ಯಾಂಪ್ ಹುಟ್ಟಿತು. ಮೊದಲು ಮಾಡಿದ್ದು ನಾನು, ತಾನು ಅಂತ ಜಗಳವೂ ಹುಟ್ಟಿತು. ಆ ಕಾಲಕ್ಕೆ ಹಲ್ಲಿನ ಡಾಕ್ಟರುಗಳು ಕಟ್ಟುಹಲ್ಲಿನ ವಸಡನ್ನು ರಬ್ಬರಿನಲ್ಲಿ ಮಾಡ್ತಿದ್ದರು. ಅದನ್ನು ಬೇಯಿಸೋ ಪಾತ್ರೆಯಲ್ಲೇ ಮೊದಮೊದಲ ಸ್ಟ್ಯಾಂಪುಗಳೂ ಬೆಂದವು. ಸರಕಾರಿ ಸೀಲಿಗೂ ಅಜ್ಜನ ಹಲ್ಲುಸೆಟ್ಟಿಗೂ ಒಂದೇ ಬಾಣಂತಿಕೋಣೆ. ಇನ್ನು ನಾವು ಕೊರೆಯುವ ಈಗಿನ ಒರೆಸುವ ರಬ್ಬರಿನಲ್ಲಿ ಹೆಚ್ಚಿನವು ರಬ್ಬರೇ ಅಲ್ಲ, ಮೆತ್ತಗಿನ ಪ್ಲಾಸ್ಟಿಕ್. ಕೊರೆಯೋಕೆ ಅಷ್ಟು ನಯವಾಗಿರೋದೂ ಅದಕ್ಕೇ.

ರಬ್ಬರ್ ಹೊಸದು. ಮುದ್ರೆ ಹೊಸದಲ್ಲ. ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ದಾರಿಯಲ್ಲಿ ಬೆಳ್ಮಣ್ಣು ಸಿಗುತ್ತೆ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡದೇ ದಾಟಿಬಿಡುವ ಊರು. ಎಂಟನೇ ಶತಮಾನದ ಆರಂಭದ್ದು ಎನ್ನಲಾಗುವ, ಆಳುಪರ ಎರಡನೇ ಆಳುವರಸನ ತಾಮ್ರಶಾಸನ ಸಿಕ್ಕಿದ್ದು ಅಲ್ಲಿ. ಪೂರ್ತಿಯಾಗಿ ಕನ್ನಡದಲ್ಲೇ ಇರುವ ತಾಮ್ರಶಾಸನಗಳಲ್ಲಿ ಅತ್ಯಂತ ಹಳೆಯದು ಅಂತ ಅದಕ್ಕೆ ಹೆಸರು. ಆಳುಪರ ಲಾಂಛನ ಜೋಡಿ ಮೀನು. ಕರಾವಳಿಯ ರಾಜರು ಮತ್ತೇನು ಇಟ್ಟುಕೊಂಡಾರು! ಬಾದಾಮಿ ಚಾಲುಕ್ಯರದ್ದು ವರಾಹ.

ತಾಮ್ರಶಾಸನದಲ್ಲಿ ಮುದ್ರೆಯ ಕೆಲಸ ಅಲಂಕಾರವಲ್ಲ. ಹಲಗೆಗಳಿಗೆ ತೂತು ಮಾಡಿ ಒಂದು ಬಳೆಯಲ್ಲಿ ಪೋಣಿಸ್ತಾರೆ, ಬಳೆಯ ಎರಡು ತುದಿ ಸೇರುವಲ್ಲಿ ಲೋಹದ ಮುದ್ರೆಯಿಂದ ಭದ್ರ ಮಾಡ್ತಾರೆ. ನಡುವೆ ಒಂದು ಹಲಗೆ ಸೇರಿಸಿ ಪಕ್ಕದವನ ಗದ್ದೆಯನ್ನೂ ನುಂಗೋಣ ಅಂತ ಯಾರಿಗಾದರೂ ಆಸೆಯಾದರೆ ಬಳೆ ಕತ್ತರಿಸಲೇಬೇಕು, ಕತ್ತರಿಸಿದರೆ ಗೊತ್ತಾಗುತ್ತೆ. ಈಗಿನ ಡಿಜಿಟಲ್ ಸಹಿಯವರೂ ಮಾಡೋದು ಇದನ್ನೇ, ಬಳೆ ಕಣ್ಣಿಗೆ ಕಾಣಲ್ಲ ಅಷ್ಟೆ.

ರಾಜರ ಸುದ್ದಿ ಬಿಟ್ಟು ಮನೆಯೊಳಗೆ ಬಂದರೂ ಮುದ್ರೆ ಇದೆ. ಉಡುಪಿಯ ಮಾಧ್ವರ ಮನೆಗಳಲ್ಲಿ ಸ್ನಾನವಾದ ಮೇಲೆ ಗೋಪೀಚಂದನ ತೇದು, ಪುಟ್ಟ ಲೋಹದ ಅಚ್ಚುಗಳಿಂದ ಶಂಖ, ಚಕ್ರ, ಗದೆ, ಪದ್ಮ, ನಾರಾಯಣ ಅಂತ ಮೈಮೇಲೆ ಒತ್ತಿಕೊಳ್ಳುವ ಪದ್ಧತಿ. ಆಷಾಢದ ಪ್ರಥಮೈಕಾದಶಿ ದಿನ ಕೃಷ್ಣಮಠದಲ್ಲಿ ಕಾದ ಮುದ್ರೆಗೆ ತೋಳೊಡ್ಡಿ ಸಾಲಾಗಿ ನಿಲ್ಲುವವರನ್ನು ನೀವೂ ನೋಡಿರಬಹುದು. ಇಂಕ್ ಪ್ಯಾಡ್ ಬದಲು ಚಂದನದ ಗಂಧ, ಕಾಗದದ ಬದಲು ಚರ್ಮ. ಉಳಿದ ಲೆಕ್ಕವೆಲ್ಲ ಒಂದೇ. (ಹೆಬ್ರಿ ಪಕ್ಕದಲ್ಲಿ ಮುದ್ರಾಡಿ ಅಂತಲೇ ಒಂದು ಊರಿದೆ. ಆ ಹೆಸರಿಗೂ ಮುದ್ರೆಗೂ ಗಂಟು ಹಾಕೋ ಸಾಹಸಕ್ಕೆ ನಾನು ಇಳಿಯಲ್ಲ.)

ಬರವಣಿಗೆ ಕೂಡ ನಮ್ಮಲ್ಲಿ ಬಹುಕಾಲ ಕೊರೆತವೇ. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಗೀರಿ, ಆಮೇಲೆ ಮಸಿ ಉಜ್ಜಿ ಒರೆಸಿದರೆ ಗೀರಿದ ಕಡೆ ಮಾತ್ರ ಕಪ್ಪು ನಿಲ್ಲುತ್ತೆ. ಕರಾವಳಿಯಲ್ಲಿ ಹೀಗೆ ಗೀರಿದ ಗರಿಗಳಲ್ಲಿ ಬಹಳಷ್ಟು ಇರೋದು ತುಳು ಲಿಪಿಯಲ್ಲಿ, ಅಂದ್ರೆ ತಿಗಳಾರಿಯಲ್ಲಿ. ಮಲಯಾಳಂ ಲಿಪಿಗೆ ಹತ್ತಿರದ ನೆಂಟ, ಎರಡೂ ಗ್ರಂಥ ಲಿಪಿಯ ಮನೆತನ. ಮಧ್ವಾಚಾರ್ಯರ ಶಿಷ್ಯ ಹೃಷೀಕೇಶ ತೀರ್ಥರು ಬರೆದಿಟ್ಟ ಸರ್ವಮೂಲದ ಗರಿ ಪಲಿಮಾರು ಮಠದಲ್ಲಿ ಉಳಿದು ಬಂದದ್ದು ಈ ಲಿಪಿಯಲ್ಲೇ.

ಹಾಗಾದ್ರೆ ಈ ಲಿಪಿ ಓದೋಕೆ ನನಗೂ ನಿಮಗೂ ಯಾಕೆ ಬರಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದರೆ ಮತ್ತೆ ಅಚ್ಚಿನ ಹತ್ತಿರವೇ ಬಂದು ನಿಲ್ತೀವಿ.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಪ್ರೆಸ್ಸು ಶುರುವಾದದ್ದು 1841ರಲ್ಲಿ. ಶುರುವಿನಲ್ಲಿ ಅದು ಕಲ್ಲಚ್ಚು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯ ಬರಹ ಮೂಡಿಸಿ, ಕಲ್ಲಿಗೆ ನೀರು ಸವರಿ, ಮೇಲೆ ಇಂಕ್ ಉರುಳಿಸೋದು. ಜಿಡ್ಡಿದ್ದಲ್ಲಿ ಇಂಕ್ ಹಿಡಿಯುತ್ತೆ, ನೀರಿದ್ದಲ್ಲಿ ಹಿಡಿಯಲ್ಲ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಹೀಗೆ ಕಲ್ಲಿನಿಂದ ಎದ್ದು ಬಂದದ್ದು. ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸೋದು ಇದಕ್ಕೇ. ಕಲ್ಲಚ್ಚಿಗೆ ಲಿಪಿಯ ಹಂಗಿಲ್ಲ. ಕೈ ಏನು ಬರೆಯುತ್ತೋ ಕಲ್ಲು ಅದನ್ನೇ ಅಚ್ಚು ಹಾಕುತ್ತೆ, ತುಳುವೋ, ಕನ್ನಡವೋ, ನಿಮ್ಮ ಮಗಳು ಗೀಚಿದ ನವಿಲೋ.

ಆದರೆ ಮರುವರ್ಷವೇ ಪತ್ರಿಕೆ ಮಂಗಳೂರು ಬಿಟ್ಟು ಬಳ್ಳಾರಿಗೆ ಹೋಯಿತು. ಯಾಕಂದ್ರೆ ಅಲ್ಲಿ ಅಚ್ಚುಮೊಳೆ ಇತ್ತು.

ಅಚ್ಚುಮೊಳೆ ತಯಾರಾಗುವ ಬಗೆ ರಬ್ಬರ್ ಕೊರೆದವರಿಗೆ ತಟ್ಟನೆ ಅರ್ಥವಾಗುತ್ತೆ. ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಉಲ್ಟಾ ಕೆತ್ತಬೇಕು. ಅದನ್ನು ತಾಮ್ರದ ತುಂಡಿಗೆ ಬಡಿದರೆ ಸೀದಾ ಗುಳಿ ಬೀಳುತ್ತೆ. ಆ ಗುಳಿಗೆ ಸೀಸ ಹೊಯ್ದರೆ ಮತ್ತೆ ಉಲ್ಟಾ ಮೊಳೆ. ಮೊಳೆ ಕಾಗದಕ್ಕೆ ಒತ್ತಿದಾಗ ಮತ್ತೆ ಸೀದಾ. ಹೀಗೆ ಒಂದಕ್ಷರ ಪಲ್ಟಿ ಹೊಡೆದು ಹೊಡೆದು ಓದುಗನ ಹತ್ತಿರ ಬರುತ್ತೆ. ಇಂಗ್ಲಿಷಿಗಾದರೆ ಇಪ್ಪತ್ತಾರು ಅಕ್ಷರ, ಅದರ ದೊಡ್ಡದು ಚಿಕ್ಕದು, ಅಂಕಿ, ಚಿಹ್ನೆ, ಮುಗೀತು. ನಮ್ಮದರಲ್ಲಿ ಗುಣಿತ, ಒತ್ತು, ದೀರ್ಘ ಅಂತ ನೂರಾರು ಮೊಳೆ ಬೇಕು. ಪ್ರತಿಯೊಂದಕ್ಕೂ ಒಬ್ಬ ಕುಶಲಿ ಉಕ್ಕಿನ ಮುಂದೆ ಕೂರಬೇಕು. ಎಷ್ಟು ದುಡ್ಡಿನ, ಎಷ್ಟು ದಿನದ ಬಾಬತ್ತು ಅಂತ ನೀವೇ ಅಂದಾಜು ಮಾಡಿ.

ಕರಾವಳಿಯ ಹೆಚ್ಚಿನ ಜನ ಆಡೋ ಮಾತು ತುಳು, ಮಿಷನ್ನಿಗೆ ತುಳುವಿನ ಪುಸ್ತಕ ಬೇಕಿತ್ತು. ಅವರು ತುಳುವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದರು. 1847ರಲ್ಲಿ ತುಳು ಹೊಸ ಒಡಂಬಡಿಕೆ ಬಂದದ್ದು ಹಾಗೆ. 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, ಇವತ್ತಿಗೂ ಬೆಲೆ ಕಳೆದುಕೊಳ್ಳದ ಪುಸ್ತಕ, ಅದೂ ಕನ್ನಡ ಅಕ್ಷರದಲ್ಲೇ. ಒಂದೇ ಮೊಳೆಪೆಟ್ಟಿಗೆ, ಎರಡು ಭಾಷೆ. ಶಾಲೆಯೂ ಕನ್ನಡದ್ದೇ ಆಗಿತ್ತಲ್ಲ, ಓದುಗರಿಗೆ ಅನುಕೂಲವೇ ಆಯಿತು.

ಇದನ್ನು ಬಿಳಿಯರ ಪಿತೂರಿ ಅಂತ ಹೇಳುವವರಿದ್ದಾರೆ. ನನಗೆ ಇದರಲ್ಲಿ ಪಿತೂರಿ ಕಾಣಲ್ಲ, ಖರ್ಚಿನ ಲೆಕ್ಕ ಕಾಣುತ್ತೆ. ಇನ್ನೂ ಒಂದು ಮಾತು: ಆ ಲಿಪಿಯನ್ನು ಹೆಚ್ಚಾಗಿ ಬಳಸುತ್ತಿದ್ದವರು ಬ್ರಾಹ್ಮಣರು, ಅದರಲ್ಲಿ ಹೆಚ್ಚಾಗಿ ಬರೆದದ್ದು ಸಂಸ್ಕೃತವನ್ನು. ಗದ್ದೆಯಲ್ಲಿ ದುಡಿಯುತ್ತಾ ಪಾಡ್ದನ ಹೇಳುತ್ತಿದ್ದವರ ಕೈಯಿಂದ ಯಾರೂ ಲಿಪಿ ಕಸಿದುಕೊಳ್ಳಲಿಲ್ಲ, ಅವರ ಕೈಗೆ ಅದು ಬಂದೇ ಇರಲಿಲ್ಲ. ಆದರೆ ತುಳು ಲಿಪಿಯಲ್ಲಿ ತುಳುವೇ ಇರಲಿಲ್ಲ ಅನ್ನೋ ವಾದವೂ ನಿಲ್ಲಲ್ಲ. ವೆಂಕಟರಾಜ ಪುಣಿಂಚತ್ತಾಯರು ತಾಳೆಗರಿಗಳ ಕಟ್ಟು ಬಿಚ್ಚಿ ಬಿಚ್ಚಿ ‘ಶ್ರೀ ಭಾಗವತೊ’ದಂಥ ತುಳು ಕಾವ್ಯಗಳನ್ನು ಬೆಳಕಿಗೆ ತಂದರಲ್ಲ! ಅಷ್ಟು ಹೊತ್ತಿಗೆ ಅದನ್ನು ಓದಬಲ್ಲವರು ಬೆರಳೆಣಿಕೆಗೆ ಇಳಿದಿದ್ದರು. ಕೈಬರಹದ ಕಾಲ ಮುಗಿದ ಮೇಲೆ ಯಾವ ಲಿಪಿಗೆ ಮೊಳೆ ಇತ್ತೋ ಅದು ಶಾಲೆಗೆ ಹೋಯಿತು, ಉಳಿದದ್ದು ಅಟ್ಟಕ್ಕೆ ಹೋಯಿತು.

ಅಟ್ಟ ಅಂದಾಗ ನೆನಪಾಯ್ತು. ಊರಿಗೆ ಹೋದಾಗ ಹಳೇ ಮನೆಯ ಹೆಂಚೊಂದನ್ನು ತಿರುಗಿಸಿ ನೋಡಿ. ಅದೃಷ್ಟವಿದ್ದರೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಅಂತ ಇಂಗ್ಲಿಷಿನಲ್ಲಿ ಇರುತ್ತೆ. ಅದೇ ಮಿಷನ್, ಈ ಸಲ ನೇತ್ರಾವತಿಯ ಜೇಡಿಮಣ್ಣಿನ ಮೇಲೆ. ಆ ಅಕ್ಷರ ಸೀದಾ ಮೂಡಬೇಕಾದರೆ ಅಚ್ಚಿನಲ್ಲಿ ಯಾರೋ ಅದನ್ನು ಉಲ್ಟಾ ಕೊರೆದಿರಬೇಕು. ಕಂಪೆನಿ ಹೆಸರು ಲಕ್ಷಾಂತರ ಮಾಡುಗಳ ಮೇಲಿದೆ, ಕೊರೆದವನ ಹೆಸರು ಯಾವ ಹೆಂಚಿನ ಮೇಲೂ ಇಲ್ಲ.

ಈಗ ಕಚೇರಿಗೆ ಬರೋಣ. ಕರ್ನಾಟಕದಲ್ಲಿ ಹುಟ್ಟಿ ಬೆಳೆದವರಿಗೆ ‘ರೌಂಡ್ ಸೀಲ್’ ಅಂದರೆ ಸಾಕು, ಬೇರೇನೂ ಹೇಳಬೇಕಿಲ್ಲ. ಸಹಿ ಇದೆ, ರೌಂಡ್ ಸೀಲ್ ಎಲ್ಲಿ? ಹೋಗಿ ಹಾಕಿಸ್ಕೊಂಡು ಬನ್ನಿ. ರಾಜ್ಯಕ್ಕೆ ಹೊಸ ತಾಲೂಕುಗಳು ಘೋಷಣೆಯಾದಾಗ ಉಡುಪಿ ಜಿಲ್ಲೆಯಲ್ಲಿ ಬ್ರಹ್ಮಾವರ, ಕಾಪು, ಬೈಂದೂರಿನ ಜತೆ ಹೆಬ್ರಿಗೂ ಸ್ಥಾನ ಸಿಕ್ಕಿತು. ಕಟ್ಟಡ, ಸಿಬ್ಬಂದಿ ಎಲ್ಲ ನಿಧಾನಕ್ಕೆ ಬರಬಹುದು, ಆದರೆ ಸೀಲಿಲ್ಲದೆ ಒಂದು ಕಾಗದವೂ ಕಚೇರಿಯಿಂದ ಹೊರಡಲ್ಲ. ಅಲ್ಲಿವರೆಗೆ ಕಾರ್ಕಳ ಅಂತ ಇದ್ದ ಜಾಗದಲ್ಲಿ ಹೆಬ್ರಿ ಅಂತ ಮೂಡಬೇಕು. ತಾಲೂಕು ಅನ್ನೋದು ಜನರ ಕಣ್ಣಿಗೆ ಮೊದಲು ಬೀಳೋದು ನೀಲಿ ಇಂಕಿನ ಒಂದು ವೃತ್ತದಲ್ಲೇ.

ಇಷ್ಟು ಶಕ್ತಿ ಒಂದು ರಬ್ಬರ್ ತುಂಡಿಗೆ ಇರೋದರಿಂದಲೇ ಅದನ್ನು ನಕಲು ಮಾಡೋ ಆಸೆ. ಹವ್ಯಾಸಿಗಳು ಇಲ್ಲಿ ಒಂದು ಗೆರೆ ನೆನಪಿಡಬೇಕು. ಮೋಸದ ಉದ್ದೇಶದಿಂದ ನಕಲಿ ಮುದ್ರೆ ಮಾಡೋದು ಹಳೇ ಐಪಿಸಿಯ 472ನೇ ಕಲಮಿನಲ್ಲಿ ಜೀವಾವಧಿವರೆಗೂ ಶಿಕ್ಷೆ ಕೊಡಬಹುದಾದ ಅಪರಾಧವಾಗಿತ್ತು, 2024ರ ಜುಲೈಯಿಂದ ಬಂದ ನ್ಯಾಯ ಸಂಹಿತೆಯಲ್ಲೂ ಅಪರಾಧವೇ. ಆದರೂ ಚರಿತ್ರೆಯಲ್ಲಿ ಕೈಕೊರೆತದ ಅತ್ಯಂತ ಧೈರ್ಯದ ಮುದ್ರೆಗಳು ಕಳ್ಳಮುದ್ರೆಗಳೇ. 1944ರ ಮಾರ್ಚ್‌ನಲ್ಲಿ ಜರ್ಮನಿಯ ಸೆರೆಶಿಬಿರದಿಂದ ಮಿತ್ರಪಕ್ಷದ 76 ವೈಮಾನಿಕರು ಸುರಂಗ ತೋಡಿ ಹೊರಬಿದ್ದರು. ಅವರಲ್ಲಿದ್ದ ನಕಲಿ ಪರವಾನಗಿಗಳಿಗೆ ಒತ್ತಿದ ಸರಕಾರಿ ಮುದ್ರೆಗಳನ್ನು ಬೂಟಿನ ಹಿಮ್ಮಡಿಯ ರಬ್ಬರಿನಲ್ಲಿ ಕೊರೆದಿದ್ದರು. ಮೂವರು ಪಾರಾದರು. ಸಿಕ್ಕಿಬಿದ್ದ 73 ಜನರಲ್ಲಿ 50 ಮಂದಿಯನ್ನು ಗುಂಡಿಟ್ಟು ಕೊಂದರು.

ನಮ್ಮ ಕೈಗೂ ಪ್ರಾಣಕ್ಕಿಂತ ತುಸು ಕಡಿಮೆ ಬೆಲೆಯ ಒಂದು ರಬ್ಬರ್ ಮುದ್ರೆ ಆಗಾಗ ಬರುತ್ತೆ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಹೆಚ್ಚಿನ ಜಿಲ್ಲೆಗಳಲ್ಲಿ ಮತಪತ್ರವೇ ಇತ್ತು. ಊರಿಗೆ ಹೋಗಿ ಓಟು ಹಾಕಿದವರಿಗೆ ಆ ಬಾಣತುದಿಯ ಅಡ್ಡಗೀಟಿನ ಮುದ್ರೆ ನೆನಪಿರಬಹುದು. ಅದು ಯಾಕೆ ಬರೀ ಗುಣಾಕಾರದ ಗುರುತಲ್ಲ? ಮತಪತ್ರ ಮಡಚುವಾಗ ಹಸಿ ಇಂಕು ಎದುರಿನ ಅಭ್ಯರ್ಥಿಯ ಮೇಲೂ ಅಂಟುತ್ತೆ. ಗುರುತು ಎರಡೂ ಕಡೆಯಿಂದ ಒಂದೇ ಥರ ಇದ್ದರೆ ಯಾವುದು ಒತ್ತಿದ್ದು, ಯಾವುದು ಅಂಟಿದ್ದು ಅಂತ ಗೊತ್ತಾಗಲ್ಲ. ಬಾಣ ಒಂದೇ ದಿಕ್ಕಿಗೆ ತಿರುಗುವುದರಿಂದ ಉಲ್ಟಾ ಮೂಡಿದ್ದು ತಕ್ಷಣ ಸಿಕ್ಕಿಬೀಳುತ್ತೆ. ಇಡೀ ದೇಶದ ಎಣಿಕೆ ಮೇಜುಗಳಲ್ಲಿ ಎಷ್ಟೋ ಜಗಳಗಳನ್ನು ತಪ್ಪಿಸಿದ ಪುಟ್ಟ ಜಾಣತನ ಇದು.

ಇವತ್ತು ಉಡುಪಿಯಲ್ಲೋ ಮಣಿಪಾಲದಲ್ಲೋ ಸೀಲು ಮಾಡಿಸಲು ಹೋದರೆ ಯಾರೂ ಕೊರೆಯಲ್ಲ. ಕಂಪ್ಯೂಟರಿನಲ್ಲಿ ಟೈಪ್ ಮಾಡ್ತಾರೆ, ಲೇಸರೋ ಬೆಳಕಿಗೆ ಗಟ್ಟಿಯಾಗುವ ಪಾಲಿಮರೋ ಉಳಿದದ್ದನ್ನು ನೋಡಿಕೊಳ್ಳುತ್ತೆ. ಅಂದ್ರೆ ಫಾಂಟ್ ಇರುವ ಲಿಪಿಗೆ ಮಾತ್ರ ಸೀಲು. 1840ರ ದಶಕದ ಮೊಳೆಪೆಟ್ಟಿಗೆಯ ಕತೆಯೇ ಮತ್ತೊಮ್ಮೆ. ತುಳು-ತಿಗಳಾರಿಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ, 16ನೇ ಆವೃತ್ತಿಯಲ್ಲಿ. ಕೀಬೋರ್ಡಿಗೆ, ಫೋನಿಗೆ, ಸೀಲಿನ ಅಂಗಡಿಗೆ ಅದು ಇಳಿದು ಬರೋಕೆ ಇನ್ನೂ ಸಮಯ ಬೇಕು. ಆದರೆ ತುಳು ಲಿಪಿ ಕಲಿಯುವ ಹುಡುಗ ಹುಡುಗಿಯರು ಈಗ ಊರಲ್ಲೂ ಇದ್ದಾರೆ, ಬೆಂಗಳೂರಲ್ಲೂ ಇದ್ದಾರೆ. ಅವರಿಗೆ ನನ್ನದೊಂದು ಸಲಹೆ: ಫಾಂಟಿಗೆ ಕಾಯಬೇಡಿ, ರಬ್ಬರ್ ತಗೊಳ್ಳಿ. ಹಳೇ ಗರಿಯ ಫೋಟೋ ಎದುರಿಗಿಟ್ಟುಕೊಂಡು ನಿಮ್ಮ ಹೆಸರಿನ ಮೊದಲಕ್ಷರ ಕೊರೀರಿ. ಕೈಗೆ ಆ ಗುಂಡು ತಿರುವುಗಳು ಹತ್ತಿದ ಮೇಲೆ ಆಳುಪರ ಜೋಡಿ ಮೀನಿಗೆ ಹೋಗಿ. ಮೀನಿನಲ್ಲಿ ಕಷ್ಟ ಇರೋದು ಹುರುಪೆಯಲ್ಲಿ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಮತ್ತೆ ಈ ಕೆಲಸ ಹೆಬ್ರಿಯ ಕಡೆ ಮಳೆಗಾಲದಲ್ಲಿ ಮಾಡುವವರಿಗೆ ಒಂದು ಸೂಚನೆ. ಆಗುಂಬೆಯ ಬುಡದ ಆ ತೇವಕ್ಕೆ ಸ್ಟ್ಯಾಂಪ್ ಪ್ಯಾಡಿನ ಇಂಕು ಬೇಗ ಒಣಗಲ್ಲ. ಅಚ್ಚು ಹಾಕಿದ ಕೂಡಲೇ ಪುಸ್ತಕ ಮುಚ್ಚಿಟ್ಟರೆ ನಿಮ್ಮ ಮೀನು ಎದುರು ಪುಟದಲ್ಲಿ ಮುಖ ತಿರುಗಿಸಿಕೊಂಡು ಈಜುತ್ತಿರುತ್ತೆ.