ಕಾಲನ್ನು ಉಳಿಸಿಕೊಂಡ ಮೇಲೆ: ಅಸ್ಥಿ ಅರ್ಬುದದ ಶಸ್ತ್ರಚಿಕಿತ್ಸೆಯೂ ನಂಜಿನ ಭಯವೂ

ಎಲುಬಿನಲ್ಲಿಯೂ ಅದನ್ನು ಹೊದೆದಿರುವ ಸ್ನಾಯು, ಮೇದಸ್ಸುಗಳಲ್ಲಿಯೂ ಹುಟ್ಟುವ ಅರ್ಬುದಗಳು ವಿರಳವಾದುವೇ ಸರಿ. ಆದರೆ ಎಲುಬಿನ ಅರ್ಬುದಗಳಲ್ಲಿ ಪ್ರಧಾನವಾದ ಆಸ್ಟಿಯೋಸಾರ್ಕೋಮಾ ಎಂಬುದು ಹೆಚ್ಚಾಗಿ ಬೆಳೆಯುವ ಪ್ರಾಯದ ಹುಡುಗ ಹುಡುಗಿಯರ ಮೊಣಕಾಲ ಬಳಿಯಲ್ಲಿಯೇ ತಲೆಯೆತ್ತುವುದರಿಂದ, ಅದರ ಚಿಕಿತ್ಸೆಯ ಚರಿತ್ರೆಯು ಒಂದರ್ಥದಲ್ಲಿ ಎಳೆಯರ ಕಾಲುಗಳನ್ನು ಉಳಿಸಿಕೊಳ್ಳುವ ಪ್ರಯತ್ನದ ಚರಿತ್ರೆಯೂ ಆಗಿದೆ. ಆ ಪ್ರಯತ್ನವು ಸಫಲವಾದಷ್ಟೂ ಅದರ ಬೆನ್ನಿಗೆ ಮತ್ತೊಂದು ಸಂಕಟವು ಬೆಳೆಯುತ್ತ ಬಂದಿತು. ಅದೇ ಶಸ್ತ್ರಚಿಕಿತ್ಸೆಯ ನಂತರದ ನಂಜು. ಅರ್ಬುದವನ್ನು ಗೆದ್ದ ವೈದ್ಯನನ್ನು ಜೀವಾಣುವು ಸೋಲಿಸುವ ಈ ಪ್ರಸಂಗವನ್ನು ನಮ್ಮ ಘಟ್ಟದ ಮೇಲಿನ ಜನರು, ಅದರಲ್ಲಿಯೂ ದೊಡ್ಡಾಸ್ಪತ್ರೆಯಿಂದ ದೂರವಿರುವ ಯಲ್ಲಾಪುರದಂಥ ಊರಿನವರು, ಅರಿತಿರುವುದು ಅವಶ್ಯವೆಂದು ನಾನು ಬಲವಾಗಿ ನಂಬಿದ್ದೇನೆ.

ಗ್ಲಾಸ್ಗೋ ನಗರದ ಜೋಸೆಫ್ ಲಿಸ್ಟರನು 1867ರಲ್ಲಿ ಕಾರ್ಬಾಲಿಕ್ ಆಮ್ಲದಿಂದ ಗಾಯಗಳನ್ನು ಶುದ್ಧೀಕರಿಸುವ ವಿಧಾನವನ್ನು ಪ್ರಕಟಿಸುವವರೆಗೆ, ಎಲುಬು ಹೊರಬಿದ್ದ ಗಾಯವೆಂದರೆ ಕಾಲು ಕತ್ತರಿಸುವುದೆಂದೇ ಅರ್ಥವಾಗಿತ್ತು. ಲಿಸ್ಟರನ ನಂತರವೂ ಅಸ್ಥಿ ಅರ್ಬುದಕ್ಕೆ ಅಂಗಚ್ಛೇದವೊಂದೇ ಗತಿಯಾಗಿ ಉಳಿಯಿತು. ಕಾಲನ್ನು ತೆಗೆದ ಮೇಲೂ ಆಸ್ಟಿಯೋಸಾರ್ಕೋಮಾದ ರೋಗಿಗಳಲ್ಲಿ ಐವರಲ್ಲಿ ನಾಲ್ವರು, ರೋಗವು ಅದಾಗಲೇ ಶ್ವಾಸಕೋಶಕ್ಕೆ ಹಬ್ಬಿದ್ದರಿಂದ, ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರು. ಅಂಥ ಕಾಲದಲ್ಲಿ ಗಾಯದ ನಂಜನ್ನು ಕುರಿತು ದೀರ್ಘವಾಗಿ ಚಿಂತಿಸಲು ಯಾರಿಗೂ ವ್ಯವಧಾನವಿರಲಿಲ್ಲ.

ಅಮೆರಿಕದ ಆಸ್ಟಿನ್ ಮೂರ್ ಮತ್ತು ಹೆರಾಲ್ಡ್ ಬೋಲ್ಮನ್ ಎಂಬ ವೈದ್ಯರು 1940ರಲ್ಲಿ ಅರ್ಬುದ ಹಿಡಿದ ತೊಡೆಯೆಲುಬಿನ ಮೇಲ್ಭಾಗವನ್ನು ತೆಗೆದು ಅಲ್ಲಿ ಲೋಹದ ಎಲುಬನ್ನು ಕೂಡಿಸಿದರು. ಆದರೆ ಈ ಮಾರ್ಗವು ರಾಜಮಾರ್ಗವಾದುದು 1970ರ ದಶಕದಲ್ಲಿ, ನಾರ್ಮನ್ ಜಾಫೆ, ಜೆರಾಲ್ಡ್ ರೋಸನ್ ಮುಂತಾದವರು ಕೀಮೋಥೆರಪಿಯಿಂದ ರೋಗದ ಹಬ್ಬುವಿಕೆಯನ್ನು ತಡೆಯಬಹುದೆಂದು ತೋರಿಸಿಕೊಟ್ಟ ಮೇಲೆ. ಲೋಹದ ಎಲುಬು ಸಿದ್ಧವಾಗುವವರೆಗಿನ ವಾರಗಳನ್ನು ವ್ಯರ್ಥಮಾಡದೆ ಔಷಧ ಕೊಡುತ್ತಿದ್ದ ಪದ್ಧತಿಯೇ ಮುಂದೆ ಶಸ್ತ್ರಚಿಕಿತ್ಸೆಗೆ ಮೊದಲು ಔಷಧವೆಂಬ ನಿಯಮಕ್ಕೆ ನಾಂದಿಯಾಯಿತು. ನಮ್ಮ ರಾಜ್ಯದಲ್ಲಿ 1973ರಲ್ಲಿ ಬೆಂಗಳೂರಿನ ಕಿದ್ವಾಯಿ ಅರ್ಬುದ ಚಿಕಿತ್ಸಾ ಸಂಸ್ಥೆಯು ಸ್ಥಾಪಿತವಾದುದು ಇದೇ ದಶಕದಲ್ಲಿ. ಮುಂದೆ ಮುಂಬಯಿ, ಚೆನ್ನೈಗಳ ವೈದ್ಯರು ದೇಶದಲ್ಲಿಯೇ ಲೋಹದ ಎಲುಬುಗಳನ್ನು ಮಾಡಿಸಿ, ವಿದೇಶದ ಬೆಲೆಯ ಅಲ್ಪಾಂಶಕ್ಕೆ ದೊರೆಯುವಂತೆ ಮಾಡಿದ ಉಪಕಾರವು ಸಾಮಾನ್ಯವಾದುದಲ್ಲ.

ಇಲ್ಲಿಂದಲೇ ನಂಜಿನ ನಿಜವಾದ ಅಧ್ಯಾಯವು ತೊಡಗುತ್ತದೆ. ಸವೆದ ಮೊಣಕಾಲಿಗೆ ಕೃತಕ ಕೀಲು ಹಾಕಿಸಿಕೊಂಡವರಲ್ಲಿ ನೂರಕ್ಕೆ ಒಬ್ಬರಿಗೋ ಇಬ್ಬರಿಗೋ ಆಗುವ ಆಳದ ಸೋಂಕು ಅರ್ಬುದದ ರೋಗಿಗಳಲ್ಲಿ ಹಲವು ಪಟ್ಟು ಹೆಚ್ಚು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಆಸ್ಪತ್ರೆಯವರು 2005ರಲ್ಲಿ ಪ್ರಕಟಿಸಿದ 1240 ರೋಗಿಗಳ ಪರಿಶೀಲನೆಯಲ್ಲಿ ಅದು ಶೇ. 11ರಷ್ಟಿತ್ತು. ಕಾರಣಗಳು ದುರೂಹವಲ್ಲ. ಶಸ್ತ್ರಚಿಕಿತ್ಸೆ ಗಂಟೆಗಟ್ಟಲೆ ನಡೆಯುತ್ತದೆ. ಅರ್ಬುದದೊಡನೆ ಸುತ್ತಲಿನ ಆರೋಗ್ಯವಂತ ಸ್ನಾಯುವನ್ನೂ ತೆಗೆಯಬೇಕಾಗುವುದರಿಂದ ಒಳಗೆ ದೊಡ್ಡ ಪೊಳ್ಳು ಉಳಿದು ಅಲ್ಲಿ ರಕ್ತ ತುಂಬುತ್ತದೆ. ಕೀಮೋಥೆರಪಿಯಿಂದ ಬಿಳಿಯ ರಕ್ತಕಣಗಳು ಕುಗ್ಗಿರುತ್ತವೆ. ಇವೆಲ್ಲಕ್ಕೂ ಮಿಗಿಲಾಗಿ, ರಕ್ತಸಂಚಾರವಿಲ್ಲದ ಲೋಹದ ಮೇಲೆ ಬಂದಿಳಿದ ಜೀವಾಣುಗಳು, ಮಳೆಗಾಲದಲ್ಲಿ ಅಂಗಳದ ಕಲ್ಲಿನ ಮೇಲೆ ಕಟ್ಟುವ ಹಾವಸೆಯಂತೆ, ಲೋಳೆಯ ಪದರವೊಂದನ್ನು ಕಟ್ಟಿಕೊಂಡು ಅದರೊಳಗೆ ಅಡಗಿಬಿಟ್ಟರೆ, ಯಾವ ಔಷಧವೂ ಅವುಗಳನ್ನು ಪೂರ್ಣವಾಗಿ ಮುಟ್ಟಲಾರದು. ಆಗ ಲೋಹವನ್ನೇ ಹೊರತೆಗೆದು, ತಿಂಗಳುಗಳ ನಂತರ ಹೊಸದನ್ನು ಕೂಡಿಸಬೇಕು, ಇಲ್ಲವೇ ಯಾವ ಕಾಲಿಗಾಗಿ ಇಷ್ಟೆಲ್ಲ ಶ್ರಮಪಟ್ಟರೋ ಆ ಕಾಲನ್ನೇ ಕತ್ತರಿಸಬೇಕು. ಅಷ್ಟರಲ್ಲಿ ಮುಂದಿನ ಕೀಮೋಥೆರಪಿಯು ತಡವಾಗುತ್ತದೆ. ಆ ತಡವೇ ಪ್ರಾಣಕ್ಕೆ ಎರವಾಗಬಹುದು.

ಮೊಣಕಾಲಿನ ಕೆಳಗಿನ ಎಲುಬಿನ ಮುಂಭಾಗದಲ್ಲಿ ಚರ್ಮದ ಹೊರತು ಹೆಚ್ಚಿನ ಹೊದಿಕೆಯಿಲ್ಲ. ಅಲ್ಲಿ ನಂಜು ಅಧಿಕವೆಂಬುದನ್ನು ಅನುಭವದಿಂದ ಕಂಡುಕೊಂಡ ಶಸ್ತ್ರವೈದ್ಯರು ಮೀನಖಂಡದ ಸ್ನಾಯುವೊಂದನ್ನು ಅದರ ರಕ್ತನಾಳಸಹಿತ ಮುಂದಕ್ಕೆ ತಿರುಗಿಸಿ ಲೋಹಕ್ಕೆ ಹೊದಿಸತೊಡಗಿದರು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸುಂದರವಾದ ಉಪಾಯವು ಇದೇ: ಬೆಳ್ಳಿಲೇಪದ ಲೋಹವೂ ಅಯೋಡಿನ್ ಲೇಪದ ಲೋಹವೂ ಅನಂತರ ಬಂದುವು, ಅವುಗಳಿಂದ ಪ್ರಯೋಜನವೂ ಕಂಡುಬಂದಿದೆ; ಆದರೆ ರೋಗಿಯ ಜೀವಂತ ಮಾಂಸವನ್ನೇ ಕವಚವಾಗಿಸಿಕೊಂಡ ಈ ವಿಧಾನಕ್ಕೆ ಬಡವರ ಆಸ್ಪತ್ರೆಯಲ್ಲಿಯೂ ಹೆಚ್ಚಿನ ವೆಚ್ಚವಿಲ್ಲ.

ವಿಲಿಯಂ ಕೋಲಿ ಎಂಬ ನ್ಯೂಯಾರ್ಕಿನ ವೈದ್ಯನು 1891ರಲ್ಲಿ ಅರ್ಬುದದ ರೋಗಿಗೆ ಬೇಕೆಂದೇ ಜೀವಾಣುಗಳನ್ನು ಚುಚ್ಚಿ, ನಂಜಿನ ಜ್ವರದಿಂದ ಅರ್ಬುದವು ಕರಗುವುದನ್ನು ಕಂಡಿದ್ದನೆಂಬುದನ್ನೂ ಇಲ್ಲಿ ನೆನೆಯಬಹುದು. ಬರ್ಮಿಂಗ್‌ಹ್ಯಾಮಿನವರೇ 2007ರಲ್ಲಿ, ಆಳದ ಸೋಂಕಾದ ಆಸ್ಟಿಯೋಸಾರ್ಕೋಮಾ ರೋಗಿಗಳು ಹೆಚ್ಚು ಕಾಲ ಬದುಕಿದಂತೆ ಕಂಡಿತೆಂದು ಬರೆದರು. ಕುತೂಹಲಕರವಾದ ಸಂಗತಿಯೇ, ಆದರೆ ಇದರಿಂದ ನಂಜನ್ನು ಹಗುರಾಗಿ ಕಾಣುವುದು ತೀರ ಅನರ್ಥಕಾರಿ.

ಪ್ರತಿಜೀವಕ ಔಷಧವನ್ನು ಯಾವಾಗ, ಎಷ್ಟು ದಿನ ಕೊಡಬೇಕೆಂಬ ಪ್ರಶ್ನೆಯೇ ಈ ಕ್ಷೇತ್ರದಲ್ಲಿ ಬಹುಕಾಲ ಇತ್ಯರ್ಥವಾಗದೆ ಉಳಿದುದು. ಜಾನ್ ಬರ್ಕ್ ಎಂಬಾತನು 1961ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗದಿಂದ, ಔಷಧವು ಗಾಯ ಮಾಡುವ ಮುನ್ನವೇ ಶರೀರದಲ್ಲಿದ್ದರೆ ಹೆಚ್ಚು ಫಲ, ಕೆಲವು ಗಂಟೆ ಕಳೆದ ಮೇಲೆ ಕೊಟ್ಟರೆ ವ್ಯರ್ಥವೆಂದು ತೋರಿಸಿದನು. ಎಂದು ಆರಂಭಿಸಬೇಕೆಂಬುದು ಹೀಗೆ ತಿಳಿಯಿತು; ಎಂದು ನಿಲ್ಲಿಸಬೇಕೆಂಬುದು ತಿಳಿಯಲಿಲ್ಲ. ಇಷ್ಟು ದೊಡ್ಡ ಶಸ್ತ್ರಕ್ರಿಯೆಗೆ ಒಂದೇ ದಿನದ ಔಷಧ ಸಾಲದೆಂಬ ಭೀತಿಯಿಂದ ಅನೇಕರು ಐದು ದಿನ, ಕೆಲವರು ಅದಕ್ಕೂ ಹೆಚ್ಚು ಕಾಲ ಕೊಡುತ್ತಿದ್ದರು. ಕೆನಡಾದ ಮಿಶೆಲ್ ಗರ್ಟ್ ಅವರ ನೇತೃತ್ವದಲ್ಲಿ 12 ದೇಶಗಳ 48 ಆಸ್ಪತ್ರೆಗಳು ಸೇರಿ 604 ರೋಗಿಗಳ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ಯಾರಿಟಿ ಎಂಬ ಪ್ರಯೋಗವು ಈ ಭೀತಿಗೆ ಉತ್ತರ ಕೊಟ್ಟಿತು: ಒಂದು ವರ್ಷದೊಳಗೆ ಐದು ದಿನ ಔಷಧ ಪಡೆದವರಲ್ಲಿ ಶೇ. 15.0, ಒಂದೇ ದಿನ ಪಡೆದವರಲ್ಲಿ ಶೇ. 16.7 ಮಂದಿಗೆ ನಂಜಾಯಿತು. ಈ ಅಂತರವು ಗಣನೆಗೆ ಬರುವಂಥದಲ್ಲ. ಆದರೆ ಔಷಧದಿಂದಲೇ ಆದ ತೊಂದರೆಗಳು ಐದು ದಿನದವರಲ್ಲಿ ಶೇ. 5.1, ಒಂದು ದಿನದವರಲ್ಲಿ ಶೇ. 1.6. ಎರಡೂ ಗುಂಪುಗಳಲ್ಲಿ ಆರೇಳು ಜನರಲ್ಲಿ ಒಬ್ಬರಿಗೆ ನಂಜಾಯಿತೆಂಬುದನ್ನು ಮಾತ್ರ ಮರೆಯುವಂತಿಲ್ಲ.

ಮೃದು ಅಂಗಾಂಶದ ಅರ್ಬುದಗಳಲ್ಲಿ ವಿಕಿರಣ ಚಿಕಿತ್ಸೆಯ ಸಮಯವು ಮುಖ್ಯವಾಗುತ್ತದೆ; ಶಸ್ತ್ರಕ್ರಿಯೆಗೆ ಮೊದಲು ಅದನ್ನು ಕೊಟ್ಟವರಲ್ಲಿ ಶೇ. 35, ಅನಂತರ ಕೊಟ್ಟವರಲ್ಲಿ ಶೇ. 17 ಮಂದಿಗೆ ಗಾಯದ ತೊಡಕುಗಳಾದುವೆಂದು 2002ರ ಕೆನಡಾದ ಪ್ರಯೋಗವೊಂದು ತಿಳಿಸಿತು. ನಮ್ಮ ಕಡೆ ಇದಕ್ಕೂ ಮೊದಲಿನ ಅಪಾಯವೊಂದಿದೆ. ಬಾವನ್ನು ಉಳುಕೆಂದು ಭಾವಿಸಿ ಎಣ್ಣೆ ತಿಕ್ಕಿಸುವುದು, ಬರೆ ಹಾಕಿಸುವುದು, ಅಥವಾ ಬರಿಯ ಕೊಬ್ಬಿನ ಗಡ್ಡೆಯೆಂದು ಸಣ್ಣ ಆಸ್ಪತ್ರೆಯಲ್ಲಿ ಪರೀಕ್ಷೆಯಿಲ್ಲದೆ ಕೊಯ್ಯಿಸಿಬಿಡುವುದು. ಹಾಗೆ ಕೊಯ್ದ ದಾರಿಯುದ್ದಕ್ಕೂ ಅರ್ಬುದದ ಕಣಗಳು ಚೆಲ್ಲಿರುವುದರಿಂದ ಎರಡನೆಯ ಸಲ ಇನ್ನೂ ವಿಶಾಲವಾಗಿ ತೆಗೆಯಬೇಕಾಗಿ, ಗಾಯವೂ ನಂಜಿನ ಭಯವೂ ಹಿಗ್ಗುತ್ತವೆ.

ಯಲ್ಲಾಪುರದವರು ಈ ರೋಗಕ್ಕಾಗಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗುತ್ತಾರೆ. ಹೊಲಿಗೆ ಬಿಚ್ಚಿದ ಮೇಲೆ ತೋಟದ ಮನೆಗೆ ಮರಳುತ್ತಾರೆ. ನಂಜಾದರೋ ತಿಂಗಳುಗಳ, ಒಮ್ಮೊಮ್ಮೆ ವರ್ಷಗಳ ನಂತರವೂ, ಹುಳುಕು ಹಲ್ಲಿನಿಂದಲೋ ಕಾಲ್ಬೆರಳ ಸಂದಿನ ಕೆಸರುಹುಣ್ಣಿನಿಂದಲೋ ರಕ್ತದ ಮೂಲಕ ಲೋಹವನ್ನು ಮುಟ್ಟಬಲ್ಲದು. ಅಡಕೆ ತೋಟದ ನೀರಿನಲ್ಲಿ ಬರಿಗಾಲಲ್ಲಿ ನಿಂತು ದುಡಿಯುವವರಿಗೆ, ಉಂಬಳ ಕಚ್ಚಿದ ಕಡೆ ಕೆರೆದುಕೊಂಡು ಗಾಯಮಾಡಿಕೊಳ್ಳುವವರಿಗೆ ಇದನ್ನು ತಿಳಿಸಿ ಹೇಳುವವರಿಲ್ಲ. ಜಿಲ್ಲೆಯಲ್ಲಿ ಸುಸಜ್ಜಿತವಾದ ದೊಡ್ಡ ಆಸ್ಪತ್ರೆಯೊಂದು ಆಗಬೇಕೆಂಬ ಉತ್ತರ ಕನ್ನಡದವರ ಕೂಗು ನ್ಯಾಯವಾದುದು. ಅದು ಈಡೇರುವ ತನಕ ಮನೆಗೆ ಕಳುಹಿಸುವಾಗ ಕೊಡುವ ಚೀಟಿಯಲ್ಲಿ ಕೆಲವು ಮಾತುಗಳನ್ನು ಕನ್ನಡದಲ್ಲಿ ಬರೆದುಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಜ್ವರ ಬಂದರೆ, ಗಾಯದ ಸುತ್ತ ಕೆಂಪೇರಿದರೆ, ಹನಿಯಷ್ಟು ಒಸರಿದರೂ, ಊರಿನ ಅಂಗಡಿಯ ಗುಳಿಗೆ ನುಂಗುವ ಮೊದಲು ಶಸ್ತ್ರಕ್ರಿಯೆ ಮಾಡಿದ ವೈದ್ಯರಿಗೆ ತಿಳಿಸಬೇಕು. ಏಕೆಂದರೆ ಮೊದಲೇ ನುಂಗಿದ ಪ್ರತಿಜೀವಕದಿಂದ ನಂಜು ಮಾಯುವುದಿಲ್ಲ, ಕೀವಿನ ಪರೀಕ್ಷೆಯಲ್ಲಿ ಯಾವ ಜೀವಾಣುವೆಂಬುದು ಮಾತ್ರ ಪತ್ತೆಯಾಗದೆ ಹೋಗಬಹುದು.