ಬಾಗಿಲಿಗೆ ಬಂದ ಕಥೆಗಳು

ಕಥೆಗಾರನಿಗೆ ಕಥೆ ಎಲ್ಲಿಂದ ಬರುತ್ತದೆ? ಏಕಾಂತದಲ್ಲಿ ಕುಳಿತು ಸ್ಫೂರ್ತಿಗಾಗಿ ಕಾಯುವವನೇ ಸಾಹಿತಿ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಉಂಟು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಬಾಳನ್ನು ನೋಡಿದರೆ ಈ ಭಾವನೆ ನಿಲ್ಲಲಾರದು.

ಮಾಸ್ತಿಯವರು 1891ರಲ್ಲಿ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿದರು. ಮನೆಮಾತು ತಮಿಳು, ಮದರಾಸಿನಲ್ಲಿ ಎಂ.ಎ. ಪದವಿ ಪಡೆದದ್ದು ಇಂಗ್ಲಿಷ್ ಸಾಹಿತ್ಯದಲ್ಲಿ. ಬರೆದದ್ದು ಮಾತ್ರ ಕನ್ನಡದಲ್ಲಿ, ‘ಶ್ರೀನಿವಾಸ’ ಎಂಬ ಹೆಸರಿನಿಂದ. ಉದ್ಯೋಗವೋ, ಮೈಸೂರು ಸರ್ಕಾರದ ಸಿವಿಲ್ ಸರ್ವೀಸು. ಅಧಿಕಾರಿಯಾದವನಿಗೆ ಕಥೆ ಬರೆಯಲು ಬಿಡುವೆಲ್ಲಿ ಎಂದು ನೀವು ಕೇಳಬಹುದು. ಆದರೆ ಆ ಉದ್ಯೋಗದಲ್ಲಿರುವಾಗಲೇ, 1920ರಲ್ಲಿ, ಅವರ ‘ಕೆಲವು ಸಣ್ಣ ಕಥೆಗಳು’ ಹೊರಬಂದಿತು. ಪಂಜೆ ಮಂಗೇಶರಾಯರೂ ಕೆರೂರು ವಾಸುದೇವಾಚಾರ್ಯರೂ ಅದಕ್ಕೆ ಮೊದಲೇ ಸಣ್ಣ ಕಥೆ ಬರೆದಿದ್ದರು. ಆದರೂ ಕನ್ನಡದಲ್ಲಿ ಆ ಪ್ರಕಾರ ನೆಲೆಯೂರಿದ್ದು ಮಾಸ್ತಿಯವರಿಂದ.

ಅವರ ಕಥೆಗಳಲ್ಲಿ ಒಂದು ವಿಶೇಷವನ್ನು ನೀವು ಗಮನಿಸಿರಬಹುದು. ಅನೇಕ ಕಡೆ ಹೇಳುವವರೊಬ್ಬರು, ಕೇಳುವವರೊಬ್ಬರು ಇದ್ದೇ ಇರುತ್ತಾರೆ. ‘ಮೊಸರಿನ ಮಂಗಮ್ಮ’ನನ್ನೇ ನೆನೆಯಿರಿ. ಮೊಸರು ಮಾರಲು ಬಂದ ಹಳ್ಳಿಯ ಹೆಂಗಸು, ಮೊಸರು ಕೊಳ್ಳುವ ಮನೆಯಾಕೆಯ ಮುಂದೆ ಕುಳಿತು ಮನಸ್ಸು ಬಿಚ್ಚುತ್ತಾಳೆ. ಮೊಮ್ಮಗನನ್ನು ಹೊಡೆದರೆಂದು ಎದ್ದ ಜಗಳ. ಸೊಸೆಯೊಡನೆ ಬೇರೆಯಾದ ಸಂಸಾರ. ಇದು ಯಾರ ಮನೆಯಲ್ಲಿ ನಡೆಯದ ಸಂಗತಿ? ಅತ್ತೆಯನ್ನು ಕೆಟ್ಟವಳೆಂದಾಗಲಿ, ಸೊಸೆಯನ್ನು ಕೆಟ್ಟವಳೆಂದಾಗಲಿ ಮಾಸ್ತಿಯವರು ತೀರ್ಪು ಕೊಡುವುದಿಲ್ಲ. ತನ್ನವರನ್ನು ಕಳೆದುಕೊಂಡೇನೆಂಬ ಅಂಜಿಕೆ ಇಬ್ಬರಿಗೂ ಉಂಟೆಂದು ತೋರಿಸುತ್ತಾರೆ, ಅಷ್ಟೆ. ಹೊಸಹಳ್ಳಿಯ ರಂಗಪ್ಪನ ಮದುವೆಯ ಕಥೆಯೂ ಹಾಗೆಯೇ. ಇಂಗ್ಲಿಷ್ ಕಲಿತು ಬೆಂಗಳೂರಿನಿಂದ ಬಂದ ಹುಡುಗನನ್ನು ನೋಡಲು ಊರೇ ನೆರೆಯುತ್ತದೆ. ಜನಿವಾರ ಇನ್ನೂ ಇದೆಯೇ ಎಂದು ಮುದುಕಿಯೊಬ್ಬಳು ಎದೆಯ ಮೇಲೆ ಕೈಯಾಡಿಸಿ ನೋಡುತ್ತಾಳೆ! ಒಂದು ಕಾಲವೇ ಬದಲಾಗುತ್ತಿದ್ದ ಸುದ್ದಿ ಆ ಒಂದು ಕೈಯಾಟದಲ್ಲಿ ಅಡಗಿದೆ.

ಅಹವಾಲು ಕೇಳುವುದು ಅಧಿಕಾರಿಯ ಕೆಲಸ. ಕೇಳಿ, ಆಜ್ಞೆ ಬರೆದು, ಮರೆಯುವವರು ಬಹಳ. ಕೇಳಿದ್ದನ್ನು ಮರೆಯದೆ ಮನಸ್ಸಿನಲ್ಲಿ ಇಟ್ಟುಕೊಂಡದ್ದರಿಂದಲೇ ಮಾಸ್ತಿಯವರು ಕಥೆಗಾರರಾದರೆಂದು ನನಗೆ ತೋರುತ್ತದೆ.

1943ರಲ್ಲಿ, ತಮಗಿಂತ ಕಿರಿಯರೊಬ್ಬರಿಗೆ ಮೇಲಿನ ಪದವಿ ದೊರೆತಾಗ, ಅವರು ರಾಜೀನಾಮೆ ಕೊಟ್ಟು ಹೊರಬಂದರು. ಆ ಕಹಿಯನ್ನೇ ಹಿಡಿದು ಕೂಡಲಿಲ್ಲ. ‘ಜೀವನ’ ಪತ್ರಿಕೆಯನ್ನು ಸುಮಾರು ಇಪ್ಪತ್ತು ವರ್ಷ ನಡೆಸಿದರು. 1834ರಲ್ಲಿ ಇಂಗ್ಲಿಷರು ಪಟ್ಟದಿಂದ ಇಳಿಸಿದ ಕೊಡಗಿನ ಕೊನೆಯ ಅರಸನ ಕಥೆಯನ್ನು 1956ರಲ್ಲಿ ‘ಚಿಕವೀರ ರಾಜೇಂದ್ರ’ವಾಗಿ ಕೊಟ್ಟರು. ಆ ದುರುಳ ಅರಸನ ಮಾತನ್ನೂ ಮಂಗಮ್ಮನ ಮಾತಿನಷ್ಟೇ ತಾಳ್ಮೆಯಿಂದ ಕೇಳಿದ ಲೇಖನಿ ಅದು. 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು; 1986ರಲ್ಲಿ, ತಾವು ಹುಟ್ಟಿದ ಜೂನ್ 6ರಂದೇ, ಅವರು ತೀರಿಕೊಂಡರು.

ಕಥೆಗೆ ದೂರ ಹೋಗಬೇಕಾಗಿಲ್ಲ. ಬಾಗಿಲಿಗೆ ಬಂದವರನ್ನು ಕೂಡಿಸಿ, ಮಾತು ಮುಗಿಯುವವರೆಗೆ ಕೇಳುವ ವ್ಯವಧಾನವೊಂದು ಬೇಕು.